ಬಿಚ್ಚದೆ ತಂದ ಹೇರು

ದಾಂಡೇಲಿಯ ಪುಂಡಲೀಕ ನಮ್ಮ ಸನವಳ್ಳಿಗೆ ಮೊದಲ ಸಲ ಬಂದಾಗ ಊರವರು ಅವನ ಮುಖ ನೋಡಲಿಲ್ಲ, ಅವನ ಮೋಟಾರ್ ಸೈಕಲ್ಲಿನ ಮೇಲಿದ್ದ ಹೇರು ನೋಡಿದರು. ಎರಡೂ ಮಗ್ಗುಲಿಗೆ ಕಬ್ಬಿಣದ ಪೆಟ್ಟಿಗೆ, ನಡುವೆ ಅಕ್ಕಿಯ ಚೀಲ, ಚೀಲದ ಮೇಲೆ ಸುತ್ತಿದ ತಾಡಪತ್ರಿ. ಕೆಸರು ಹಾದಿಯಲ್ಲಿ ಗಾಡಿ ವಾಲಾಡಿತೇ ಹೊರತು ಹೇರು ಮಿಸುಕಲಿಲ್ಲ. ಚಕ್ಕಡಿ ಹೂಡಿ ಹೂಡಿ ಮುಪ್ಪಾದ ನಮ್ಮಂಥವರಿಗೆ ಅಷ್ಟು ಸಾಕು. ಕಟ್ಟಿದ ಹೇರು ನೋಡಿದ ಮೇಲೆ ಕಟ್ಟಿದವನ ಕುಲ ಕೇಳಬೇಕಾಗಿಲ್ಲ.

ಅವನ ಅಪ್ಪ ಕಲಘಟಗಿ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ದುಡಿದವನು. ಮಗನಿಗೆ ಪಾಳಿ ಒಗ್ಗಲಿಲ್ಲ. ಹಳೆಯದೊಂದು ಮೋಟಾರ್ ಸೈಕಲ್ ಹಿಡಿದು ಜೋಯಿಡಾ ಕಾಡಿನ ಕುಣಬಿ ಹಳ್ಳಿಗಳಿಗೆ ಸಾಮಾನು ಒಯ್ಯಲು ನಿಂತ. ಮಳೆಗಾಲದಲ್ಲಿ ಬಸ್ಸು ಹೋಗದ, ಜೀಪು ಹೂತುಕೊಳ್ಳುವ ಹಾದಿಗಳವು. ಅಕ್ಕಿ, ಉಪ್ಪು, ಮನೆಗೆ ಹೊದಿಸುವ ತಗಡು, ಗ್ಯಾಸಿನ ಸಿಲಿಂಡರು, ಏನು ಹೇಳಿದರೂ ಒಯ್ಯುತ್ತಿದ್ದ. ಬರುವಾಗ ಮುರುಗಲ ಹಣ್ಣು, ಹಲಸು ತರುತ್ತಿದ್ದ, ಕೆಲವೊಮ್ಮೆ ಜ್ವರ ಬಂದವರನ್ನು ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ತರುತ್ತಿದ್ದ. ಭಾರ ಕೆಳಗಿರಬೇಕು, ಸವಾರನ ಸೊಂಟಕ್ಕೆ ಹತ್ತಿರ ಇರಬೇಕು, ಹಿಂದೆ ಸರಿದರೆ ಏರಿನಲ್ಲಿ ಮುಂದಿನ ಗಾಲಿ ಏಳುತ್ತದೆ ಎಂಬುದನ್ನು ಅವನು ಬಿದ್ದು ಬಿದ್ದು ಕಲಿತ. ನಮ್ಮ ಚಕ್ಕಡಿಯ ಲೆಕ್ಕವೂ ಅದೇ. ಹಿಂಭಾರವಾದರೆ ನೊಗ ಕಟ್ಟುವ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ.

ಆಮೇಲಾಮೇಲೆ ಊರೂರಿನ ಹುಡುಗರು ದೊಡ್ಡ ದೊಡ್ಡ ಗಾಡಿ ತಗೊಂಡು ಹಿಮಾಲಯಕ್ಕೆ, ಕಛ್ ರಣಕ್ಕೆ ಹೋಗುವ ಕಾಲ ಬಂತು. ಅವರಿಗೆ ಹೇರು ಕಟ್ಟಲು ಕಬ್ಬಿಣದ ಚೌಕಟ್ಟು ಬೇಕು. ಪುಂಡಲೀಕ ಮನೆಯ ಮುಂದೆಯೇ ವೆಲ್ಡಿಂಗ್ ಇಟ್ಟ. ಹಾಗೆ ಚೌಕಟ್ಟು ಮಾಡಿಸಲು ಹೋದವನು ನಮ್ಮೂರ ಸಚಿನ. ಚನಬಸಪ್ಪ ಮತ್ತು ಕಾಶೆವ್ವನ ಮಗ. ಟಿಬೆಟನ್ ಕಾಲೊನಿಯ ಅಂಗಡಿಗಳಿಗೆ ಮುಂಡಗೋಡದಿಂದ ಸಾಮಾನು ಒಯ್ಯುತ್ತಿದ್ದ, ಬಾಯಿ ತುಂಬ ನಗೆ ಇದ್ದ ಹುಡುಗ.

ಸಚಿನ ತನ್ನ ಚೀಲದಿಂದ ಪುಂಡಿನಾರಿನ ಹಗ್ಗದ ಸುರುಳಿ ತೆಗೆದಾಗ ಪುಂಡಲೀಕ ನಕ್ಕನಂತೆ.

"ಏನಲೇ ಇದು, ಎತ್ತ ಕಟ್ಟೂ ಹಗ್ಗ ತಂದೀಯಲ್ಲ! ಗಾಡಿಗಿ ಹುಲ್ಲ ಹಾಕಾಂವೇನು?"

"ನಮ್ಮವ್ವ ಹೊಸೆದ ಹಗ್ಗೋ ಮಾರಾಯಾ. ನಿನ್ನ ರಬ್ಬರ ಪಟ್ಟಿ ಏರಿನ್ಯಾಗ ಎಮ್ಮಿ ಬಾಲಧಂಗ ಜೋಲಿ ಹೊಡೀತಾವ."

"ಮಳ್ಯಾಗ ಉಬ್ಬತೈತಿ. ಆಮ್ಯಾಲ ಗಂಟ ಬಿಚ್ಚಾಕ ಯಾರ ಬರತಾರ, ನಿಮ್ಮಪ್ಪ?"

"ಅಪ್ಪ ಬರಾಂಗಿಲ್ಲ. ಅವ್ವ ಬರತಾಳ," ಎಂದ ಸಚಿನ. ಪುಂಡಲೀಕನಿಗೆ ಅದರ ಅರ್ಥ ಅಂದು ತಿಳಿಯಲಿಲ್ಲ.

ಅದು ಚನಬಸಪ್ಪನ ಮನೆಯ ವಾಡಿಕೆ. ಊರಿನ ಬೇರೆ ಮನೆಗಳಲ್ಲಿ ಇಲ್ಲ. ಹೇರು ಕಟ್ಟಿದವನೇ ಹೇರು ಬಿಚ್ಚಬೇಕು. ಕಟ್ಟಿದವನು ಹಾದಿಯಲ್ಲಿ ತೀರಿಕೊಂಡರೆ ಹೇರು ಕಟ್ಟಿದ ಹಾಗೆಯೇ ಮನೆಗೆ ಬರಬೇಕು, ಮನೆಯ ಹೆಣ್ಣುಮಗಳ ಕೈ ಬಿಚ್ಚಬೇಕು. ಅಲ್ಲಿಯವರೆಗೆ ಹೋದವನ ಹೆಗಲ ಮೇಲಿನ ನೊಗ ಇಳಿಯುವುದಿಲ್ಲ ಎಂದು ಆ ಮನೆಯವರು ನಂಬುತ್ತಾರೆ. ಚನಬಸಪ್ಪ ದಾಂಡೇಲಿಯ ಡಿಪೋಕ್ಕೆ ಚಕ್ಕಡಿಯಲ್ಲಿ ಬಿದಿರು ಒಯ್ಯುತ್ತಿದ್ದಾಗ ಹಳಿಯಾಳದ ಹಾದಿಯಲ್ಲಿ ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಅವನ ಹಿಂದಿನ ಚಕ್ಕಡಿ ನನ್ನದು. ಹೆಣವನ್ನು ನನ್ನ ಚಕ್ಕಡಿಯಲ್ಲಿ ಹಾಕಿಕೊಂಡು, ಅವನ ಬಿದಿರಿನ ಹೇರನ್ನು ಡಿಪೋಕ್ಕೆ ಒಯ್ಯದೆ ಊರಿಗೆ ತಿರುಗಿಸಿದೆವು. ಸಚಿನ ಆಗ ಅಂಬೆಗಾಲಿಡುವ ಕೂಸು. ಕಾಶೆವ್ವ ಕೂಸನ್ನು ಮಗಳು ಶಿವಗಂಗಾಳ ಕೈಗೆ ಕೊಟ್ಟು, ಒಂದೊಂದೇ ಗಂಟು ಬಿಚ್ಚಿ, ಕಡೆಯ ಬಿದಿರು ನೆಲಕ್ಕೆ ಬಿದ್ದ ಮೇಲೆ ಬಾಯಿ ತೆರೆದು ಅತ್ತಳು. ಅಲ್ಲಿಯವರೆಗೆ ಅವಳ ಕಣ್ಣಲ್ಲಿ ಹನಿ ಇರಲಿಲ್ಲ.

ಪುಂಡಲೀಕ, ಸಚಿನ ಇಬ್ಬರೂ ಜೋಡೆತ್ತಿನ ಹಾಗಾದರು. ಅಣಶಿ, ಕ್ಯಾಸಲ್‌ರಾಕ್ ಕಡೆಯ ಕೆಸರಲ್ಲಿ ಕಲಿತರು, ಕಛ್‌ನ ಉಪ್ಪಿನ ಬಯಲು ದಾಟಿ ಬಂದರು. ಡೇರೆ, ಸ್ಟೋವು, ಪೆಟ್ರೋಲಿನ ಡಬ್ಬಿ, ಬಿಡಿಭಾಗ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಲ್ಲ ಗಾಡಿಯ ಮೇಲೆ. ಮನೆಯನ್ನೇ ಹೊತ್ತುಕೊಂಡು ಹೋಗುವ ಬಸವನಹುಳು ಎಂದು ನಾವು ನಗುತ್ತಿದ್ದೆವು.

ಹೋದ ವರ್ಷ ಆಷಾಢದಲ್ಲಿ ಅವರು ಹಿಮಾಲಯದ ಸ್ಪಿತಿಗೆ ಹೊರಟರು. ಕಾಲೊನಿಯ ಮಠದಲ್ಲಿ ಓದುವ ತೆಂಜಿನ್ ಎಂಬ ಎಳೆಯ ಲಾಮಾ ಸಚಿನನ ಗೆಳೆಯ. ಅವನ ಊರು ಸ್ಪಿತಿಯ ಲೋಸರ್. ತಾಯಿ ಅಲ್ಲಿದ್ದಾಳೆ, ಮೊಣಕಾಲು ಹಿಡಿದು ಮನೆ ಬಿಟ್ಟು ಹೊರಬರಲಾರಳು. ಕಾಲೊನಿಯ ವೈದ್ಯರಿಂದ ತಂದ ಔಷಧಿ, ಒಂದು ಉಣ್ಣೆಯ ಶಾಲು, ಮುಂಡಗೋಡದ ಶೇಂಗಾ, ಇಷ್ಟನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, "ನೀವು ನಮ್ಮ ಮನೆಗೇ ಹೋಗಿ ಇಳೀರಿ, ಇದನ್ನ ಅವ್ವನ ಕೈಯಾಗ ಕೊಡ್ರಿ," ಎಂದ. ಇಲ್ಲಿಯೇ ಬೆಳೆದ ಹುಡುಗ, ನಮ್ಮ ಮಾತು ನಮ್ಮ ಹಾಗೇ ಆಡುತ್ತಾನೆ. ಸಚಿನ ಆ ಗಂಟನ್ನು ಹೇರಿನ ತಳದಲ್ಲಿ, ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟ.

ಮನಾಲಿ ಬಿಟ್ಟ ಮೇಲೆ ಹಾದಿ ಎಂಬುದು ಹೆಸರಿಗೆ. ಕಲ್ಲುಗುಂಡಿನ ಹಳ್ಳ, ಅದರ ಮೇಲೆ ಹಿಮ ಕರಗಿದ ನೀರು. ಅಡ್ಡ ಬಿದ್ದ ಗಾಡಿಯನ್ನು ಹೇರಿನ ಸಮೇತ ಎತ್ತಿ ಎತ್ತಿ ಇಬ್ಬರ ಬೆನ್ನೂ ನುಗ್ಗಾದವು. ಬಾತಲ್ ಎಂಬಲ್ಲಿ ಕಲ್ಲಿನ ಗುಡಿಸಲಲ್ಲಿ ತಂಗಿದಾಗ ಸಚಿನನಿಗೆ ತಲೆ ಒಡೆಯುವ ನೋವು. ಊಟ ಸೇರಲಿಲ್ಲ, ಬೆಳಗ್ಗೆ ವಾಂತಿ ಮಾಡಿದ.

"ಪಿತ್ತ ಕೆದರೇತಿ ನಿನಗ," ಎಂದ ಪುಂಡಲೀಕ. "ನಿನ್ನೆ ಇಡೀ ದಿವಸ ಹಸದ ಹೊಟ್ಟೀಲೆ ಚಾ ಕುಡದೀ."

ನಮ್ಮ ಕಡೆ ತಲೆನೋವು, ವಾಂತಿ ಎಂದರೆ ಪಿತ್ತ, ಪಿತ್ತ ಎಂದರೆ ಲಿಂಬೆಹಣ್ಣು. ಅದಕ್ಕಿಂತ ಮುಂದೆ ಯಾರೂ ಯೋಚಿಸುವುದಿಲ್ಲ. ಪುಂಡಲೀಕ ಊರಿಂದ ತಂದ ಲಿಂಬೆಹಣ್ಣು ಹಿಂಡಿ, ಉಪ್ಪು ಸಕ್ಕರೆ ಕಲಸಿ ಕುಡಿಸಿದ. ಸಚಿನ ಇನ್ನೊಮ್ಮೆ ವಾಂತಿ ಮಾಡಿ, "ಹಗುರಾತು ನೋಡು," ಎಂದ.

"ಹಿಂದ ಹೋಗೂಣೇನು?"

"ಏ, ಹಿಂದ ಯಾಕ? ಆ ಏರು ಏರಿ ಇಳದ್ರ ತೆಂಜಿನ್‌ನ ಮನಿ. ಅಲ್ಲೇ ಬಿದ್ಕೋತೇನಿ."

ಏರಿದರು. ಕುಂಜುಮ್ ಎಂಬ ಆ ಘಟ್ಟದ ನೆತ್ತಿಯಲ್ಲಿ ಸಚಿನ ಗಾಡಿ ನಿಲ್ಲಿಸಿ ಹ್ಯಾಂಡಲಿಗೆ ಹಣೆ ಹಚ್ಚಿ ಕೂತ. ಲೋಸರ್ ಮುಟ್ಟುವ ಹೊತ್ತಿಗೆ ಮಾತು ತೊದಲುತ್ತಿತ್ತು. ಹೇರು ಇಳಿಸಲೂ ಇಲ್ಲ. ಗಾಡಿಯನ್ನು ತೆಂಜಿನ್‌ನ ತಾಯಿಯ ಅಂಗಳದಲ್ಲಿ ನಿಲ್ಲಿಸಿ ಒಳಗೆ ಹೋಗಿ ಮಲಗಿದ. ಉಸಿರು ನೀರಲ್ಲಿ ಗುಡುಗುಡಿ ಎಳೆದ ಹಾಗೆ. ವಾಹನ ತರಲು ಊರವರು ಓಡಿದರು. ಅದು ಬರುವಷ್ಟರಲ್ಲಿ ಬೆಳಕು ಹರಿಯಿತು, ಹುಡುಗ ಹೋಗಿಬಿಟ್ಟಿದ್ದ.

ಪುಂಡಲೀಕನ ಫೋನು ಮೊದಲು ಶಿವಗಂಗಾಳಿಗೆ ಬಂತು. ಗಂಡನ ಜೊತೆ ಅವ್ವನ ಮನೆಯಲ್ಲೇ ಇರುವವಳು ಅವಳು. ಅವಳ ಕೂಗು ಕೇಳಿ ಕಾಶೆವ್ವ ಫೋನು ಕಸಿದುಕೊಂಡಳು. ಕೇಳಿದ್ದು ಒಂದೇ.

"ಹೇರು ಬಿಚ್ಚೀಯೇನು?"

"ಇಲ್ಲ ಯವ್ವಾ."

"ಬಿಚ್ಚಬ್ಯಾಡ."

ಪೊಲೀಸರು, ಆಸ್ಪತ್ರೆ, ವಿಮಾನ, ಎಲ್ಲ ಮುಗಿಸಿ ಪುಂಡಲೀಕ ಹೆಣದ ಜೊತೆ ಬಂದ. ಗಾಡಿಗಳೆರಡೂ ಲೋಸರಿನಲ್ಲೇ ಉಳಿದವು. ಹೊಲದಲ್ಲಿ ಅಪ್ಪನ ಮಗ್ಗುಲಿಗೆ ಸಚಿನನನ್ನು ವಿಭೂತಿ ಹಾಕಿ ಮಣ್ಣು ಮಾಡಿದೆವು. ಕಾಶೆವ್ವ ಅಳಲಿಲ್ಲ. ಒಲೆಯ ಮೇಲೆ ಹಂಚು ಇಡಲಿಲ್ಲ, ಶಿವಗಂಗಾಳಿಗೂ ಇಡಗೊಡಲಿಲ್ಲ. ನೆರೆಯವರು ತಂದಿಟ್ಟದ್ದರಲ್ಲಿ ಒಂದು ತುತ್ತು ತಿಂದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಪುಂಡಲೀಕನ ಎದೆಯಲ್ಲಿ ಬೇರೆಯದೇ ಕಲ್ಲು ಕೂತಿತ್ತು. ಅಲ್ಲಿಯ ಡಾಕ್ಟರು ಅವನನ್ನು ಬದಿಗೆ ಕರೆದು ಹೇಳಿದ್ದರು. ಅದು ಪಿತ್ತವಲ್ಲ. ಎತ್ತರದ ತೆಳುವಾದ ಗಾಳಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ತಲೆನೋವು ಅದರ ಮೊದಲ ಕರೆ. ಬಾತಲ್‌ನಿಂದ ಕೆಳಗೆ ಇಳಿಸಿದ್ದರೆ ಹುಡುಗ ಉಳಿಯುತ್ತಿದ್ದ. ಇದನ್ನು ಅವನು ಇಲ್ಲಿ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ, "ಒಮ್ಮಿಂದೊಮ್ಮೆ ಆತ್ರಿ," ಎನ್ನುತ್ತಿದ್ದ.

ದಿವಸದ ಕಾರ್ಯ ಮುಗಿದ ಮೇಲೆ ಅವನು ಕಾಶೆವ್ವನ ಮುಂದೆ ಕೂತ. "ಗಾಡಿ ಲಾರ್‍ಯಾಗ ತರಸ್ತೇನಿ ಯವ್ವಾ."

"ಲಾರ್‍ಯಾಗ ಹಾಕೂ ಮುಂದ ಹೇರು ಇಳಸ್ತಾರ. ಇಳಸಲಾರದ ಹಾಕತಾರೇನು?"

ಹೇರಿನ ಸಮೇತ ಯಾವ ಲಾರಿಯವನೂ ಹಾಕಿಕೊಳ್ಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಹೊಡಕೊಂಡು ತರ್ತೇನಿ," ಎಂದ.

"ನಾ ಹೇಳಿಲ್ಲ ನಿನಗ. ನೀನ ಅಂದೀ," ಎಂದಳು ಕಾಶೆವ್ವ. ಇನ್ನು ಗಾಡಿ ಹತ್ತುವುದಿಲ್ಲ ಎಂದು ತನ್ನ ತಾಯಿ ಸುಶೀಲವ್ವನಿಗೆ ಮಾತು ಕೊಟ್ಟಿದ್ದ ಪುಂಡಲೀಕ ಆ ಮಾತು ಮುರಿದು ಮತ್ತೆ ರೈಲು ಹತ್ತಿದ.

ಲೋಸರಿನ ಅಂಗಳದಲ್ಲಿ ಸಚಿನನ ಗಾಡಿ ನಿಲ್ಲಿಸಿದ ಹಾಗೆಯೇ ಇತ್ತು. ತೆಂಜಿನ್‌ನ ತಾಯಿ ಹೇರಿನ ಮೇಲೆ ತನ್ನ ಕಂಬಳಿ ಹೊದಿಸಿದ್ದಳು. ಪುಂಡಲೀಕ ಕೈಸನ್ನೆಯಿಂದ, ಹರಕು ಹಿಂದಿಯಿಂದ, ಇದರ ತಳದಲ್ಲಿ ನಿನ್ನ ಮಗ ಕಳಿಸಿದ ಗಂಟು ಇದೆ ಎಂದು ತಿಳಿಸಿದ. ಅವಳಿಗೆ ಗೊತ್ತಿತ್ತು. ತೆಂಜಿನ್ ಫೋನಿನಲ್ಲಿ ಎಲ್ಲ ಹೇಳಿದ್ದ. ಮುದುಕಿ ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಇಳಿದು ಬಂದು, ಹಗ್ಗವನ್ನೊಮ್ಮೆ ಸವರಿ, ಕೈ ಬೀಸಿ ದಕ್ಷಿಣದ ಕಡೆ ತೋರಿಸಿದಳು. ಮೊದಲು ಆ ತಾಯಿ ಬಿಚ್ಚಲಿ ಎಂದು. ಪುಂಡಲೀಕ ತನ್ನ ಗಾಡಿಯ ಕೀಲಿಯನ್ನು ಆ ಮನೆಯವರ ಕೈಗಿಟ್ಟು ಸಚಿನನ ಗಾಡಿ ಹತ್ತಿದ.

ಬೇರೆಯವನು ಕಟ್ಟಿದ ಹೇರಿನ ಗಾಡಿ ಹೊಡೆಯುವುದು ಬೇರೆಯವನ ಚಪ್ಪಲಿ ಮೆಟ್ಟಿದ ಹಾಗೆ. ಸಚಿನ ಎತ್ತರದ ಆಳು, ಅವನ ಹೇರು ಅವನ ಅಳತೆಗೆ ಕಟ್ಟಿದ್ದು. ಪುಂಡಲೀಕನ ಕಾಲು ಒಂದು ಕಡೆ ನೆಲಕ್ಕೆ ತಾಕಿದರೆ ಇನ್ನೊಂದು ಕಡೆ ತಾಕುತ್ತಿರಲಿಲ್ಲ. ಘಟ್ಟ ಇಳಿದು ಬಾತಲ್ ದಾಟುವ ಹೊತ್ತಿಗೆ ಬಿಸಿಲೇರಿತ್ತು. ಆ ಕಡೆಯ ಹಳ್ಳಗಳು ನಮ್ಮ ಹಳ್ಳಗಳ ಹಾಗಲ್ಲ. ಮಳೆ ಬೇಡ, ಬಿಸಿಲು ಏರಿದಂತೆ ಹಿಮ ಕರಗಿ ನೀರು ಏರುತ್ತದೆ. ಮುಂಜಾನೆ ಪಾದ ತೋಯಿಸಿದ ಹಳ್ಳ ಮಧ್ಯಾಹ್ನಕ್ಕೆ ತೊಡೆ ಮುಟ್ಟುತ್ತದೆ.

ಹಳ್ಳದ ದಂಡೆಯಲ್ಲಿ ಕೊಲ್ಹಾಪುರದ ಕೆಲವು ಸವಾರರು ತಮ್ಮ ಗಾಡಿಗಳ ಹೇರು ಬಿಚ್ಚಿ, ಸಾಮಾನು ತಲೆಯ ಮೇಲೆ ಹೊತ್ತು ದಾಟಿಸಿ, ಬರಿ ಗಾಡಿಗಳನ್ನು ನೂಕುತ್ತಿದ್ದರು. ಅದೇ ಸರಿಯಾದ ರೀತಿ. ಪುಂಡಲೀಕನೂ ಎಷ್ಟೋ ಸಲ ಹಾಗೆಯೇ ದಾಟಿದವನು.

"ಬಿಚ್ಚಿ ಬಾ ದಾದಾ, ಇಲ್ಲಾಂದ್ರೆ ಹೋಗ್ತೀಯ," ಎಂದು ಅವರಲ್ಲೊಬ್ಬ ಮರಾಠಿಯಲ್ಲಿ ಕೂಗಿದ. ಪುಂಡಲೀಕ ಹೇರಿನ ಸಮೇತ ನೀರಿಗಿಳಿದ. ನಡುಹಳ್ಳದಲ್ಲಿ ಮುಂದಿನ ಗಾಲಿ ಕಲ್ಲುಗುಂಡಿನ ಸಂದಿಗೆ ಸಿಕ್ಕಿತು, ಗಾಡಿ ನೀರು ಹರಿಯುವ ಕಡೆಗೆ ಮಗುಚಿತು. ಅವನ ಕಾಲು ಪೆಟ್ಟಿಗೆಯ ಕೆಳಗೆ. ಹೇರು ನೀರು ಕುಡಿದು ಇನ್ನಷ್ಟು ತೂಕವಾಯಿತು. ಕೂಗಿದವನೇ ಹಾರಿ ಬಂದು ಸೊಂಟದ ಚಾಕು ತೆಗೆದ.

"ಹಗ್ಗ ಕೊಯ್ತೀನಿ, ಬಿಡು!"

ಪುಂಡಲೀಕ ಕಾಲು ಸಿಕ್ಕಿಕೊಂಡಿದ್ದರೂ ಹೊರಳಿ ಹಗ್ಗದ ಮೇಲೆ ಬೋರಲು ಬಿದ್ದ. "ನನ್ನ ಕೊಯ್ಯಿ, ಹಗ್ಗ ಕೊಯ್ಯಬ್ಯಾಡ!" ಆತುರದಲ್ಲಿ ಬಾಯಿಗೆ ಬಂದದ್ದು ಕನ್ನಡ. ಚಾಕುವಿನವನಿಗೆ ತಿಳಿಯಲಿಲ್ಲ, ಆದರೆ ಕೈ ತಡೆಯಿತು.

ದಂಡೆಯ ಮೇಲೆ ಜಾರ್ಖಂಡದ ಕಡೆಯ ಕೂಲಿಗಳು ರಸ್ತೆಯ ಕಲ್ಲು ಸರಿಸುತ್ತಿದ್ದರು. ಅವರಲ್ಲಿ ಹಿರಿಯನೊಬ್ಬ ನೀರಿಗಿಳಿದು ಬಂದು, ಏನಪ್ಪಾ ಇದರಲ್ಲಿ, ಬಂಗಾರವೇ ಎಂದು ಕೇಳಿದ. ಪುಂಡಲೀಕ ಹರಕು ಹಿಂದಿಯಲ್ಲಿ ಹೇಳಿದ. ಕಟ್ಟಿದವನು ಸತ್ತಿದ್ದಾನೆ, ತಾಯಿ ಬಿಚ್ಚಬೇಕು. ಮುದುಕ ದಂಡೆಗೆ ತಿರುಗಿ ಕೂಗಿದ. ಕೂಲಿಗಳು ಎರಡು ಉದ್ದನೆಯ ಕಬ್ಬಿಣದ ಕೊಳವೆ ತಂದು ಗಾಡಿಯ ಹೊಟ್ಟೆಯ ಕೆಳಗೆ ತೂರಿಸಿದರು. ಮುಂದೆ ನಾಲ್ವರು, ಹಿಂದೆ ನಾಲ್ವರು ಹೆಗಲು ಕೊಟ್ಟರು. ಚಾಕು ತೆಗೆದವನೂ ಚಾಕು ಸೊಂಟಕ್ಕೆ ಸಿಕ್ಕಿಸಿ ಒಂದು ತುದಿಗೆ ನಿಂತ. ಹೇರಿನ ಸಮೇತ ಗಾಡಿ ನೀರಿನ ಮೇಲೆದ್ದು ಆಚೆ ದಡಕ್ಕೆ ಹೋಯಿತು. ದಡದಲ್ಲಿದ್ದ ಹೆಣ್ಣಾಳುಗಳು ಸೆರಗು ತಲೆಯ ಮೇಲೆ ಎಳೆದುಕೊಂಡರು.

ಊದಿದ ಕಾಲಿಗೆ ಬಟ್ಟೆ ಸುತ್ತಿಕೊಂಡು ಅವನು ಬಯಲು ನಾಡುಗಳನ್ನೆಲ್ಲ ದಾಟಿದ. ಬೆಳಗಾವಿ ಸಮೀಪಿಸಿದಾಗ ನಮ್ಮ ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಸನವಳ್ಳಿಯ ಹಾದಿಯಲ್ಲಿ ಆ ಗಾಡಿಯ ಸದ್ದು ಕೇಳಿ ಊರೇ ಹೊರಬಂದು ನಿಂತಿತು. ಸಚಿನನ ಗಾಡಿಯ ಸದ್ದು ನಮಗೆಲ್ಲ ಗೊತ್ತು. ಅದು ಬಂತು, ಅವನಿಲ್ಲ.

ಗಾಡಿಯನ್ನು ಪಡಸಾಲೆಯೊಳಗೇ ತಂದು ನಿಲ್ಲಿಸಿದರು. ಕಾಶೆವ್ವ ಹಗ್ಗದ ತುದಿಯಿಂದ ತುದಿಗೆ ಕೈಯಾಡಿಸಿದಳು. ಎಲ್ಲೂ ಕೊಯ್ದ ಗುರುತಿಲ್ಲ. ಗಂಟಿಗೆ ಉಗುರು ಹಾಕಿದಳು. ಹಳ್ಳದ ನೀರು, ಹಾದಿಯ ಮಳೆ ಕುಡಿದ ಪುಂಡಿನಾರು ಉಬ್ಬಿ ಗಂಟುಗಳು ಕಲ್ಲಾಗಿದ್ದವು. ಶಿವಗಂಗಾ ಕೈ ಹಚ್ಚಲು ಬಂದರೆ ಸರಿಸಿದಳು. ನಾವು ಒಬ್ಬೊಬ್ಬರೇ ಕಟ್ಟೆಗೆ ಸರಿದು ಕೂತೆವು.

ಬಹಳ ಹೊತ್ತಿನ ಮೇಲೆ ಕಾಶೆವ್ವ ಎದ್ದು ಒಳಗೆ ಹೋದಳು. ಒಲೆಗೆ ಪುಳ್ಳೆ ಒಟ್ಟಿ ಊದುವ ಸದ್ದು ಕೇಳಿತು. ಸಚಿನ ಮಣ್ಣಾದ ಮೇಲೆ ಆ ಒಲೆ ಹೊತ್ತಿದ್ದು ಅಂದೇ. ಒಡಕು ಗಡಿಗೆಯ ಚೂರಿನಲ್ಲಿ ಕೆಂಡ ತಂದು ಗಂಟುಗಳ ಸಮೀಪ ಹಿಡಿದಳು. ನಾರಿನಿಂದ ಹಬೆ ಏಳತೊಡಗಿತು.

"ಹಿಡಿ ಇದನ," ಎಂದು ಕೆಂಡದ ಚೂರನ್ನು ಪುಂಡಲೀಕನ ಕೈಗೆ ಕೊಟ್ಟಳು. ತಾನು ಗಂಟು ಅಲುಗಿಸುತ್ತ ಕೇಳಿದಳು, "ಕಡೀ ದಿವಸ ಅಂವ ಏನೇನ ಅಂದ?"

"ಒಮ್ಮಿಂದೊಮ್ಮೆ ಆತು ಯವ್ವಾ..."

"ಅದನ್ನ ಮಂದಿಗಿ ಹೇಳು. ನನಗ ಖರೇ ಹೇಳು."

ಪುಂಡಲೀಕ ತಲೆನೋವಿನಿಂದ ಹಿಡಿದು ಎಲ್ಲ ಹೇಳಿದ. ಪಿತ್ತ ಎಂದದ್ದು, ಲಿಂಬೆಹಣ್ಣು ಹಿಂಡಿದ್ದು, ಹಿಂದೆ ಹೋಗೋಣವೇ ಎಂದು ಒಂದೇ ಸಲ ಕೇಳಿ ಬಿಟ್ಟದ್ದು, ಡಾಕ್ಟರು ಹೇಳಿದ್ದು. "ಇಳಿಸಿದ್ರ ಉಳೀತಿದ್ದ ಯವ್ವಾ. ನಾ ಏರಿಸಿದೆ."

ಕಾಶೆವ್ವನ ಬೆರಳು ನಿಂತವು.

"ವಾಂತಿ ಆತು ಅಂದೀ?"

"ಹೂಂ."

"ತಲಿ ಶೂಲಿ?"

"ಹೂಂ ಯವ್ವಾ."

"ನಾ ಇದ್ರೂ ಲಿಂಬಿಹಣ್ಣ ಕೊಡ್ತಿದ್ದೆ," ಎಂದಳು ಕಾಶೆವ್ವ. "ಕೂಸಿದ್ದಾಗಿಂದ ಅದನ್ನ ಕೊಟ್ಟೇನಿ ಅವಗ. ಕೆಂಡ ಈ ಕಡೆ ಹಿಡಿ, ಈ ಗಂಟಿಗಿ ಹತ್ತವಲ್ದು."

ಅವನು ಹಿಡಿದ. ಮೊದಲ ಗಂಟು ಸಡಿಲಾಯಿತು. ಮುಂದಿನದಕ್ಕೆ ಅವಳು ಹಗ್ಗದ ಒಂದು ತುದಿಯನ್ನು ಅವನ ಕೈಗೇ ಕೊಟ್ಟು, "ಎಳಿ," ಎಂದಳು. ಆ ಮನೆಯ ವಾಡಿಕೆ ಹಾಗಲ್ಲ. ಬಿಚ್ಚುವ ಕೈ ಮನೆಯವರದೇ ಆಗಬೇಕು.

ಒಂದೊಂದೇ ಹೊರಬಂತು. ಡೇರೆ, ಸ್ಟೋವು, ಬೂಸು ಹಿಡಿದ ರೊಟ್ಟಿಯ ಗಂಟು, ಚಟ್ನಿಯ ಡಬ್ಬಿ, ಹಸಿ ವಾಸನೆಯ ಎರಡು ಅಂಗಿ. ಕಡೆಗೆ ತಳದಲ್ಲಿ ಕೆಂಪು ಬಟ್ಟೆಯ ಗಂಟು. ಅದನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆ ಕಾಶೆವ್ವ ಅತ್ತಳು. ಹಿಂದೊಮ್ಮೆ ಕೇಳಿದ್ದ ಅಳು ಅದು, ನನಗೆ ಗುರುತು ಹತ್ತಿತು.

ಸಂಜೆ ಆ ಒಲೆಯ ಮೇಲೆ ಹಂಚು ಬಿತ್ತು. ಪುಂಡಲೀಕನ ತಾಟಿಗೆ ರೊಟ್ಟಿ ಹಾಕುತ್ತ ಅವಳು ಕೆಂಪು ಗಂಟನ್ನು ತೋರಿಸಿದಳು.

"ಇದು ನಮ್ಮ ಹೇರಲ್ಲ. ಆ ತಾಯಿದು. ಆಕಿಗಿ ಮುಟ್ಟಬೇಕು."

"ತೆಂಜಿನ್ ಟಪಾಲಿನ್ಯಾಗ ಕಳಸ್ತೇನಿ ಅಂದಾನ ಯವ್ವಾ."

"ನನ್ನ ಮಗ ಕೈಯಾಗ ಕೊಡ್ತೇನಿ ಅಂತ ಹೇರಿದ್ದ. ಆಕಿ ಬಿಚ್ಚಲಾರದ ಕಳಿಸಿಕೊಟ್ಟಾಳ. ಟಪಾಲಿನವಗ ಏನ ಗೊತ್ತೈತಿ?"

"ನಾ ಇನ್ನ ಆ ಏರು ಏರಾಂಗಿಲ್ಲ."

"ತಲಿನೋವು ಬಂದ್ರ ಇಳದು ಬರ್ತಿ. ಈಗ ಗೊತ್ತೈತಲ್ಲ ನಿನಗ," ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಈ ವರ್ಷ ಘಟ್ಟದ ಹಿಮ ಕರಗಿತೆಂದು ತೆಂಜಿನ್ ಸುದ್ದಿ ತಂದ. ಜೊತೆಗೆ ತಾಯಿಗೆ ಹೊಸ ಔಷಧಿಯನ್ನೂ ತಂದ. ಪುಂಡಲೀಕ ಸಚಿನನ ಗಾಡಿಯನ್ನು ತಿಕ್ಕಿ ತೊಳೆದು, ತನ್ನ ಕಾಲಿಗೆ ಸರಿಯಾಗಿ ಚೌಕಟ್ಟು ತಗ್ಗಿಸಿ ತಂದು ಕಾಶೆವ್ವನ ಅಂಗಳದಲ್ಲಿ ನಿಲ್ಲಿಸಿದ. ದಾಂಡೇಲಿಯ ಅವನ ವೆಲ್ಡಿಂಗ್ ಅಂಗಡಿಗೆ ಈಗ ಚೌಕಟ್ಟು ಮಾಡಿಸಲು ಬರುವ ಪ್ರತಿಯೊಬ್ಬನಿಗೂ ಅವನು ತಲೆನೋವಿನ ಮಾತು ಹೇಳದೆ ಕಳಿಸುವುದಿಲ್ಲ. ಕೇಳದವರ ಗಾಡಿಗೆ ಕೈ ಹಚ್ಚುವುದಿಲ್ಲ.

ಹೇರು ಕಟ್ಟುವಾಗ ಕಾಶೆವ್ವ ಅದೇ ಪುಂಡಿನಾರಿನ ಹಗ್ಗ ಕೊಟ್ಟಳು. ಪುಂಡಲೀಕ ಎಲ್ಲ ಕಟ್ಟಿ, ಕಡೆಯದಾಗಿ ಕೆಂಪು ಬಟ್ಟೆಯ ಗಂಟನ್ನು ಮೇಲೆ ಇಟ್ಟು ಬಿಗಿಯಲು ಹೋದ. ಅವಳು ಅವನ ಕೈ ಸರಿಸಿದಳು. ತಾನೇ ಹಗ್ಗದ ತುದಿ ಮಡಿಚಿ, ಕುಣಿಕೆ ಮಾಡಿ, ಒಂದು ಸರಗುಣಿಕೆ ಹಾಕಿದಳು. ಎತ್ತನ್ನು ಗೂಟಕ್ಕೆ ಕಟ್ಟುವಾಗ ಹಾಕುತ್ತೇವಲ್ಲ, ಅಂಥದು.

"ಯವ್ವಾ, ಹಾದ್ಯಾಗ ಸಡ್ಲ ಬಿಟ್ಟೀತು," ಎಂದ ಪುಂಡಲೀಕ.

"ಬಿಡಾಂಗಿಲ್ಲ, ಹಗ್ಗ ನಾ ಹೊಸೆದದ್ದು. ಆಕಿ ಮುದುಕಿ, ಬೆರಳಾಗ ಬಲಾ ಇರಾಂಗಿಲ್ಲ," ಎಂದಳು ಕಾಶೆವ್ವ. "ಒಂದ ಸಲ ಎಳದ್ರ ಬಿಚ್ಚಿಕೋಬೇಕು."